ಶೂ ಡಬ್ಬಿಯ ಅಂಚೆ: ಫೆಬ್ರುವರಿ ತರಗತಿಯ ಒಂದು ಸಮೀಕ್ಷೆ

ಫೆಬ್ರುವರಿ ಹುಟ್ಟುತ್ತಿದ್ದಂತೆ ಅಮೆರಿಕದ ಅನೇಕ ಪ್ರಾಥಮಿಕ ಶಾಲೆಗಳಿಂದ ಮನೆಗೆ ಒಂದು ಚೀಟಿ ಬರುತ್ತದೆ. ತರಗತಿಯ ಅಷ್ಟೂ ಮಕ್ಕಳ ಹೆಸರು ಅದರಲ್ಲಿರುತ್ತದೆ. ವ್ಯಾಲೆಂಟೈನ್ ದಿನಕ್ಕೆ ಕಾರ್ಡು ತರುವುದಾದರೆ ಎಲ್ಲರಿಗೂ ತರಬೇಕು, ಒಬ್ಬರನ್ನೂ ಬಿಡುವಂತಿಲ್ಲ. ಮಕ್ಕಳು ಹಳೆಯ ಶೂ ಡಬ್ಬಿಗೆ ಬಣ್ಣದ ಕಾಗದ ಅಂಟಿಸಿ, ಮುಚ್ಚಳದಲ್ಲಿ ಸೀಳು ಕತ್ತರಿಸಿ, ತಮ್ಮ ತಮ್ಮ ಅಂಚೆ ಡಬ್ಬಿ ಮಾಡಿಕೊಳ್ಳುತ್ತಾರೆ. 14ನೇ ತಾರೀಖು ಸಾಲಾಗಿ ನಿಂತು ಒಬ್ಬರ ಡಬ್ಬಿಗೆ ಒಬ್ಬರು ಕಾರ್ಡು ಹಾಕುತ್ತಾರೆ.

ಅಲ್ಲಿ ಹೊಸದಾಗಿ ನೆಲೆಸಿದ ಕನ್ನಡದ ಅಪ್ಪ ಅಮ್ಮಂದಿರು ಈ ಚೀಟಿ ಕಂಡು ಗಾಬರಿಯಾದರೆ ಆಶ್ಚರ್ಯವಿಲ್ಲ. ನಮ್ಮ ಕಡೆ ‘ವ್ಯಾಲೆಂಟೈನ್’ ಎಂದರೆ ಪಾರ್ಕು, ಗುಲಾಬಿ, ಆಮೇಲೆ ಪ್ರತಿಭಟನೆ. ಎಂಟು ವರ್ಷದ ಮಗುವಿಗೆ ಇದೆಲ್ಲ ಏಕೆ ಎನ್ನಿಸುತ್ತದೆ. ಆದರೆ ಆ ಶಾಲೆಗಳಲ್ಲಿ ಇದು ಸ್ನೇಹದ ಹಬ್ಬ. ಎಲ್ಲರಿಗೂ ಕಾರ್ಡು ಎಂಬ ನಿಯಮದ ಹಿಂದೆ ಒಂದು ನೋವೂ ಇದೆ. 1975ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಚಾರ್ಲಿ ಬ್ರೌನ್‌ನ ವ್ಯಾಲೆಂಟೈನ್ ಕಾರ್ಟೂನ್ ಪ್ರಸಾರವಾಯಿತು. ಅದರಲ್ಲಿ ಆ ಹುಡುಗ ಬ್ರೀಫ್‌ಕೇಸ್ ಹಿಡಿದು ಶಾಲೆಗೆ ಹೋಗುತ್ತಾನೆ, ಆ ದಿನ ಒಂದು ಕಾರ್ಡೂ ಸಿಗುವುದಿಲ್ಲ. ಅದನ್ನು ನೋಡಿದ ಎಷ್ಟೋ ಮಕ್ಕಳು ಆ ಕಾರ್ಟೂನ್ ಹುಡುಗನಿಗೆ ನಿಜವಾದ ಕಾರ್ಡು ಬರೆದು ಅಂಚೆಗೆ ಹಾಕಿದರು. ಖಾಲಿ ಡಬ್ಬಿ ಏನೆಂಬುದು ಮಕ್ಕಳಿಗೆ ಹಿರಿಯರಿಗಿಂತ ಚೆನ್ನಾಗಿ ಗೊತ್ತು.

ಈ ಎರಡು ವಾರ ತರಗತಿಯಲ್ಲಿ ಏನು ಮಾಡಿಸಬೇಕು ಎಂದು ಹುಡುಕುವ ಶಿಕ್ಷಕರ ಮುಂದೆ ಇಂದು ಸಿದ್ಧ ಚಟುವಟಿಕೆಗಳ ರಾಶಿಯೇ ಬೀಳುತ್ತದೆ. ಹೃದಯದ ಚಿತ್ರವಿರುವ ಮಗ್ಗಿ ಹಾಳೆ, ಗುಲಾಬಿ ಬಣ್ಣದ ರಸಪ್ರಶ್ನೆ, ಎಳೆದು ಬಿಟ್ಟು ಜೋಡಿಸುವ ಡಿಜಿಟಲ್ ಕಾರ್ಡು. ಇವುಗಳಲ್ಲಿ ಹೆಚ್ಚಿನವು ಮಗುವನ್ನು ಅರ್ಧ ಗಂಟೆ ಕೂರಿಸುತ್ತವೆ, ಅಷ್ಟೇ. ನಾನು ಇಲ್ಲಿ ತೂಗಿ ನೋಡುವ ಬಗೆ ಒಂದೇ. ಹಿಂದೆ ಯಾರೋ ಒಬ್ಬರು ಕೈಯಾರೆ ಮಾಡಿದ್ದೊಂದನ್ನು ಕಂಪ್ಯೂಟರು ಮಗುವಿನ ಹತ್ತಿರ ತಂದಿತೇ? ತಂದಿದ್ದರೆ ಆ ಚಟುವಟಿಕೆಗೆ ಬೆಲೆ ಇದೆ.

ಮೊದಲು ಸಂತನ ವಿಷಯ. ವ್ಯಾಲೆಂಟೈನ್ ಯಾರು ಎಂಬ ಪಾಠವನ್ನು ಶಿಕ್ಷಕರು ಸಾಮಾನ್ಯವಾಗಿ ಒಂದು ಕಥೆ ಹೇಳಿ ಮುಗಿಸುತ್ತಾರೆ: ರೋಮಿನ ಚಕ್ರವರ್ತಿ ಸೈನಿಕರ ಮದುವೆ ನಿಷೇಧಿಸಿದ, ಪಾದ್ರಿ ಗುಟ್ಟಾಗಿ ಮದುವೆ ಮಾಡಿಸಿದ, ಸೆರೆಮನೆಯಿಂದ ಕಾವಲುಗಾರನ ಮಗಳಿಗೆ ಓಲೆ ಬರೆದ. ಇದು ಬಹಳ ಕಾಲದ ಮೇಲೆ ಬೆಳೆದ ಕಥೆ. ಆ ಹೆಸರಿನವರು ಮುಖ್ಯವಾಗಿ ಇಬ್ಬರು, ಒಬ್ಬ ರೋಮಿನ ಪಾದ್ರಿ, ಇನ್ನೊಬ್ಬ ತೆರ್ನಿ ಊರಿನ ಬಿಷಪ್. ಇಬ್ಬರೂ ಮೂರನೆಯ ಶತಮಾನದಲ್ಲಿ ಹತರಾದರೆಂದು ಪರಂಪರೆ ಹೇಳುತ್ತದೆ. ಖಚಿತವಾಗಿ ತಿಳಿದದ್ದು ಎಷ್ಟು ಕಡಿಮೆಯೆಂದರೆ 1969ರಲ್ಲಿ ಕ್ಯಾಥೊಲಿಕ್ ಚರ್ಚು ತನ್ನ ಸಾರ್ವತ್ರಿಕ ಪಂಚಾಂಗದಿಂದ ಆ ಹಬ್ಬವನ್ನು ಕೈಬಿಟ್ಟಿತು. ಪ್ರೇಮಕ್ಕೂ ಈ ದಿನಕ್ಕೂ ನಂಟು ಬೆಸೆದವನು ಇಂಗ್ಲಿಷ್ ಕವಿ ಚಾಸರ್ ಎಂದು ಜ್ಯಾಕ್ ಓರುಕ್ ಎಂಬ ವಿದ್ವಾಂಸರು 1981ರಲ್ಲಿ ವಾದಿಸಿದರು. ಹಕ್ಕಿಗಳು ಜೊತೆ ಆರಿಸಿಕೊಳ್ಳುವ ದಿನವೆಂದು ಚಾಸರ್ ಬರೆದದ್ದು 1380ರ ದಶಕದ ಸುಮಾರಿಗೆ.

ಇದನ್ನು ತರಗತಿಯಲ್ಲಿ ತೋರಿಸಲು ‘ಟೈಮ್‌ಲೈನ್ ಜೆಎಸ್’ ಎಂಬ ಉಚಿತ ಸಾಧನ ಚೆನ್ನಾಗಿ ಒದಗುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್ ರೂಪಿಸಿದ್ದು. ಮಕ್ಕಳು ಒಂದು ಕೋಷ್ಟಕದಲ್ಲಿ ವರ್ಷ, ಘಟನೆ, ಅದು ನಮಗೆ ಗೊತ್ತಾದದ್ದು ಯಾವುದರಿಂದ ಎಂದು ತುಂಬಿಸಿದರೆ ಪರದೆಯ ಮೇಲೆ ಕಾಲರೇಖೆ ಮೂಡುತ್ತದೆ. ಮೂರನೆಯ ಶತಮಾನಕ್ಕೂ ಚಾಸರನಿಗೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಬಯಲು. ಆ ಬಯಲನ್ನು ಎಡದಿಂದ ಬಲಕ್ಕೆ ಸರಿಸುತ್ತಾ ಹೋಗುವ ಮಗು ‘ಇಲ್ಲಿ ಏನೂ ಇಲ್ಲವಲ್ಲ ಮಿಸ್’ ಎಂದು ಕೇಳಿದ ಕ್ಷಣವೇ ಇತಿಹಾಸದ ಪಾಠ ಶುರು.

ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಒಂದು ಕಾಗದ. 1477ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಮಾರ್ಜರಿ ಬ್ರೂಸ್ ಎಂಬ ಹುಡುಗಿ ತನ್ನನ್ನು ಮದುವೆಯಾಗಬೇಕಿದ್ದ ಜಾನ್ ಪಾಸ್ಟನ್‌ಗೆ ಬರೆಸಿದ್ದು. ವ್ಯಾಲೆಂಟೈನ್ ಎಂದು ಕರೆದು ಇಂಗ್ಲಿಷಿನಲ್ಲಿ ಬರೆದ, ನಮಗೆ ತಿಳಿದಿರುವ ಅತಿ ಹಳೆಯ ಕಾಗದ ಇದೇ ಎನ್ನುತ್ತಾರೆ. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ವಿಷಯ ಮಾತ್ರ ಗುಲಾಬಿಯಲ್ಲ, ಹಣ. ಹುಡುಗಿಯ ಜೊತೆ ಕೊಡುವ ಮೊತ್ತ ಸಾಲದೆಂದು ಗಂಡಿನ ಕಡೆ, ಇನ್ನು ಹೆಚ್ಚಿಸಲಾರೆನೆಂದು ಅವಳ ಅಪ್ಪ. ಅಪ್ಪ ಕೊಡುವಷ್ಟಕ್ಕೇ ನೀನು ಒಪ್ಪಿದರೆ ನನ್ನಷ್ಟು ಸುಖಿ ಇನ್ನಿಲ್ಲ, ಇಲ್ಲದಿದ್ದರೆ ಈ ಮಾತು ಇಲ್ಲಿಗೇ ನಿಲ್ಲಲಿ ಎಂಬುದು ಅವಳು ಹೇಳುವುದರ ತಾತ್ಪರ್ಯ. ಕಾಗದದ ಕೈಬರಹ ಅವಳದಲ್ಲ, ಅಪ್ಪನ ಗುಮಾಸ್ತನದು. ಅಂದರೆ ಮನಸ್ಸಿನ ಮಾತನ್ನು ಅವಳು ಇನ್ನೊಬ್ಬ ಗಂಡಸಿನ ಎದುರು ಗಟ್ಟಿಯಾಗಿ ಹೇಳಬೇಕಾಯಿತು. ಅವಳ ತಾಯಿಯೂ ಅದೇ ತಿಂಗಳು ಜಾನ್‌ಗೆ ಬರೆದು, ಶುಕ್ರವಾರ ಸಂತ ವ್ಯಾಲೆಂಟೈನನ ದಿನ, ಹಕ್ಕಿಗಳು ಜೊತೆ ಹುಡುಕುವ ದಿನ ಎಂದು ನೆನಪಿಸಿ ಮನೆಗೆ ಕರೆದಳು. ಮದುವೆ ಅದೇ ವರ್ಷ ಆಯಿತು.

ವರದಕ್ಷಿಣೆಯ ಮಾತುಕತೆ ಮುರಿದು ಬಿದ್ದ ಮನೆಗಳನ್ನು ಕಂಡ ನಮಗೆ ಈ ಕಾಗದಕ್ಕೆ ಟಿಪ್ಪಣಿ ಬೇಡ. ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ಓದಿಸುವ ಒಳ್ಳೆಯ ಕ್ರಮವೊಂದಿದೆ. ಮೊದಲು ಮುದ್ರಿತ ಪಾಠ ಕೊಡಬಾರದು. ಕಾಗದದ ಚಿತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿ ಒಂದೇ ಒಂದು ಸಾಲು ಓದಲು ಬಿಡಬೇಕು. ಐನೂರು ವರ್ಷ ಹಿಂದಿನ ಅಕ್ಷರ, ಈಗ ಬಳಕೆಯಲ್ಲಿಲ್ಲದ ಗುರುತುಗಳು, ಕಾಗುಣಿತ ಒಂದೊಂದು ಕಡೆ ಒಂದೊಂದು. ಇಪ್ಪತ್ತು ನಿಮಿಷ ಒದ್ದಾಡಿ ಎರಡು ಪದ ಬಿಡಿಸಿದ ಮೇಲೆ ಪೂರ್ತಿ ಪಾಠ ಕೈಗಿತ್ತರೆ, ಅದನ್ನು ಓದುವ ಕಣ್ಣೇ ಬೇರೆಯಾಗಿರುತ್ತದೆ. ಆಮೇಲೆ ಜಾನ್ ಆಗಿ ಉತ್ತರ ಬರೆಯುವುದು, ಹಣದ ಮಾತು ತಪ್ಪಿಸದೆ. ಶಿಕ್ಷಕರು ಚಿತ್ರವನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಕ್ಷೇಮ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದು, ಅದರ ಡಿಜಿಟಲ್ ಹಸ್ತಪ್ರತಿಗಳು ತಿಂಗಳುಗಟ್ಟಲೆ ಯಾರಿಗೂ ಸಿಗಲಿಲ್ಲ.

ಕಾಗದ ಕಾರ್ಡಾದದ್ದು ಅಂಚೆಯಿಂದ. 1840ರ ಜನವರಿ 10ರಂದು ಬ್ರಿಟನ್ನಿನಲ್ಲಿ ಎಷ್ಟು ದೂರಕ್ಕಾದರೂ ಅರ್ಧ ಔನ್ಸಿನ ಕಾಗದಕ್ಕೆ ಒಂದೇ ಪೆನ್ನಿ ಎಂಬ ದರ ಬಂತು. ಅದಕ್ಕೆ ಮುಂಚೆ ದೂರ, ಹಾಳೆಗಳ ಲೆಕ್ಕದಲ್ಲಿ ದರ. ಹೆಚ್ಚಾಗಿ ಪಡೆದುಕೊಳ್ಳುವವರೇ ದುಡ್ಡು ತೆರಬೇಕಿತ್ತು. ಅಂಚೆ ಅಗ್ಗವಾದ ಮೇಲೆ ವ್ಯಾಲೆಂಟೈನ್ ಕಾರ್ಡಿನ ವ್ಯಾಪಾರ ಬೆಳೆಯಿತು. ಅಮೆರಿಕದಲ್ಲಿ ಈ ವ್ಯಾಪಾರವನ್ನು ಕಟ್ಟಿದವಳು ಮ್ಯಾಸಚೂಸೆಟ್ಸ್‌ನ ವುಸ್ಟರ್ ಊರಿನ ಎಸ್ತರ್ ಹೌಲ್ಯಾಂಡ್. 1828ರಲ್ಲಿ ಹುಟ್ಟಿದವಳು, ಅಪ್ಪನದು ಕಾಗದ, ಪುಸ್ತಕದ ಅಂಗಡಿ. ಇಂಗ್ಲೆಂಡಿನಿಂದ ಬಂದ ಕಸೂತಿ ಕಾಗದದ ಕಾರ್ಡೊಂದನ್ನು ನೋಡಿ ತಾನೂ ಮಾಡತೊಡಗಿದಳು. ಸೋದರ ಮಾದರಿಗಳನ್ನು ಹಿಡಿದು ಊರೂರು ತಿರುಗಿದಾಗ ಅವಳು ಎಣಿಸಿದ್ದು 200 ಡಾಲರ್ ಆರ್ಡರು, ಬಂದದ್ದು 5000 ಎಂದು ಕಥೆ. ಗೆಳತಿಯರನ್ನು ಸೇರಿಸಿ, ಒಬ್ಬಳು ಹೂ ಕತ್ತರಿಸಿದರೆ ಇನ್ನೊಬ್ಬಳು ಅಂಟಿಸುವಂತೆ ಕೆಲಸ ಹಂಚಿದಳು. ಹೆಣ್ಣುಮಕ್ಕಳಿಗೆ ಸಂಬಳದ ಕೆಲಸ ಅಪರೂಪವಾಗಿದ್ದ ಕಾಲದಲ್ಲಿ ಹೆಣ್ಣೊಬ್ಬಳು ನಡೆಸಿದ, ಹೆಣ್ಣುಮಕ್ಕಳೇ ದುಡಿದ ಉದ್ಯಮ ಅದು.

ವುಸ್ಟರ್‌ನಲ್ಲೇ ಇರುವ ಅಮೆರಿಕನ್ ಆ್ಯಂಟಿಕ್ವೇರಿಯನ್ ಸೊಸೈಟಿಯಲ್ಲಿ ಆ ಕಾಲದ ಕಾರ್ಡುಗಳ ದೊಡ್ಡ ಸಂಗ್ರಹವಿದೆ. ಹೌಲ್ಯಾಂಡ್ ಕಾರ್ಡಿನ ವಿಶೇಷ ಪದರಗಳಲ್ಲಿ. ಕಸೂತಿ ಕಾಗದದ ಕೆಳಗೆ ಬಣ್ಣದ ತುಂಡು, ಎತ್ತಿದರೆ ಒಳಗೊಂದು ಚಿತ್ರ. ಇಲ್ಲಿ ಒಂದು ಹೋಲಿಕೆ ಮಕ್ಕಳಿಂದಲೇ ಮಾಡಿಸಬಹುದು. ಒಂದು ದಿನ ಕತ್ತರಿ, ಗೋಂದು ಹಿಡಿದು ಕೈಯಲ್ಲಿ ಪದರದ ಕಾರ್ಡು. ಮಾರನೆಯ ದಿನ ಕ್ಯಾನ್ವಾ ಎಂಬ ವಿನ್ಯಾಸ ತಾಣದಲ್ಲಿ ಸಿದ್ಧ ಮಾದರಿಯಿಂದ ಹತ್ತು ನಿಮಿಷದ ಕಾರ್ಡು. ಆಮೇಲೆ ಕೇಳಬೇಕು, ಹೌಲ್ಯಾಂಡಳ ಮನೆಯಲ್ಲಿ ಅದೇ ಹೂವನ್ನು ದಿನವಿಡೀ ಕತ್ತರಿಸುತ್ತಿದ್ದವಳ ಕೆಲಸ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಇಂಥ ಚರ್ಚೆಯಿಲ್ಲದೆ ಬರೀ ಸಿದ್ಧ ಮಾದರಿಗೆ ಹೆಸರು ತುಂಬಿಸುವ ಚಟುವಟಿಕೆಯನ್ನು ನಾನು ಯಾರಿಗೂ ಸೂಚಿಸಲಾರೆ.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ಕಾರ್ಡೂ ಅಗ್ಗಕ್ಕೆ ಮಾರಾಟವಾಗುತ್ತಿತ್ತು. ಇವನ್ನು ‘ವಿನೆಗರ್ ವ್ಯಾಲೆಂಟೈನ್’ ಎನ್ನುತ್ತಾರೆ, ಹುಳಿ ಓಲೆ ಎನ್ನೋಣ. ಮೂಗು ಉದ್ದದವರು, ಮದುವೆಯಾಗದ ಹೆಣ್ಣುಮಕ್ಕಳು, ಕುಡುಕರು, ಮತದಾನದ ಹಕ್ಕು ಕೇಳುವ ಮಹಿಳೆಯರು, ಹೀಗೆ ಎಲ್ಲರನ್ನೂ ಹಂಗಿಸುವ ವಿಕಾರ ಚಿತ್ರ, ಕೆಳಗೆ ನಾಲ್ಕು ಸಾಲು ಪದ್ಯ, ಕಳಿಸಿದವರ ಹೆಸರಿಲ್ಲ. ಹೆಸರಿಲ್ಲದೆ ನೋಯಿಸುವುದನ್ನು ಇಂಟರ್‌ನೆಟ್ ಹುಟ್ಟಿಸಲಿಲ್ಲ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಆಧಾರವಿಲ್ಲ. ಕೆಲವರು ‘ನೀವೂ ಒಂದು ಹುಳಿ ಓಲೆ ಬರೆಯಿರಿ’ ಎಂಬ ಚಟುವಟಿಕೆ ಕೊಡುತ್ತಾರೆ. ಇದು ತಪ್ಪು. ನಗುತ್ತಾ ಬರೆದದ್ದು ಸಂಜೆಯೊಳಗೆ ಯಾವುದೋ ಮಗುವಿನ ಅಡ್ಡಹೆಸರಾಗುತ್ತದೆ. ಅದರ ಬದಲು, ಅಂಥ ಓಲೆ ಕೈಗೆ ಬಂದ ದಿನ ಆ ವ್ಯಕ್ತಿ ದಿನಚರಿಯಲ್ಲಿ ಏನು ಬರೆದಿರಬಹುದು ಎಂದು ಬರೆಸಬೇಕು.

ಗಣಿತದ ಚಟುವಟಿಕೆಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ವೃತ್ತವೊಂದರ ಮೇಲೆ ಸಮದೂರದಲ್ಲಿ ಬಿಂದುಗಳನ್ನಿಟ್ಟು ಒಂದನ್ನು ಎರಡಕ್ಕೆ, ಎರಡನ್ನು ನಾಲ್ಕಕ್ಕೆ, ಮೂರನ್ನು ಆರಕ್ಕೆ, ಹೀಗೆ ಎರಡರ ಮಗ್ಗಿಯಂತೆ ಗೆರೆ ಎಳೆಯುತ್ತಾ ಹೋದರೆ ಒಳಗೆ ಹೃದಯದಂಥ ಆಕೃತಿ ತಾನಾಗಿ ಮೂಡುತ್ತದೆ. ಕಾರ್ಡಿಯಾಯ್ಡ್ ಎಂಬ ಹೆಸರನ್ನು ಅದಕ್ಕೆ 1741ರಲ್ಲಿ ಕಾಸ್ಟಿಲ್ಯೋನ್ ಎಂಬ ಗಣಿತಜ್ಞ ಕೊಟ್ಟ. ಜಿಯೋಜೀಬ್ರಾ ತಂತ್ರಾಂಶದಲ್ಲಿ ನೂರು ಬಿಂದುಗಳಿಗೆ ಮಾಡಬಹುದು, ಹಲಗೆಗೆ ಮೊಳೆ ಹೊಡೆದು ದಾರದಲ್ಲೂ ಮಾಡಬಹುದು. ದಾರವೇ ಮೊದಲು ಎಂಬುದು ನನ್ನ ಮತ. ಆ ದಿನಕ್ಕೆಂದು ಮಾರುವ, ಪುಟ್ಟ ಮಾತು ಅಚ್ಚಾದ ಸಕ್ಕರೆ ಮಿಠಾಯಿ ಹೃದಯಗಳನ್ನು ಬಣ್ಣದ ಪ್ರಕಾರ ಎಣಿಸಿ ನಕ್ಷೆ ಬಿಡಿಸುವ ಚಟುವಟಿಕೆ ಚಿಕ್ಕ ತರಗತಿಗಳಿಗೆ ಸಾಕು.

ಈಗ ಈ ಸಮೀಕ್ಷೆಯಲ್ಲಿ ನಾನು ಬಹಳ ಹೊತ್ತು ನಿಂತ ಜಾಗ. 1952ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕಂಪ್ಯೂಟರು ಪ್ರೇಮಪತ್ರ ಬರೆಯಿತು. ಬರೆಸಿದವನು ಕ್ರಿಸ್ಟೋಫರ್ ಸ್ಟ್ರೇಚಿ. ಹ್ಯಾರೋ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು ರಜೆ, ಬಿಡುವುಗಳಲ್ಲಿ ಕಂಪ್ಯೂಟರಿನ ಹಿಂದೆ ಬಿದ್ದ. ಪದಕೋಶದಿಂದ ಒಲುಮೆಯ ವಿಶೇಷಣ, ನಾಮಪದ, ಕ್ರಿಯಾಪದಗಳನ್ನು ಆರಿಸಿ, ವಾಕ್ಯದ ಎರಡು ಅಚ್ಚು ಮಾಡಿ, ಯಾವ ಪದ ಎಲ್ಲಿ ಬೀಳಬೇಕೆಂಬುದನ್ನು ಯಂತ್ರದ ಪಗಡೆಗೆ ಬಿಟ್ಟ. ಹಾಗೆ ಗೊತ್ತುಗುರಿಯಿಲ್ಲದೆ ಸಂಖ್ಯೆ ಉದುರಿಸುವ ಅಂಗವನ್ನು ಆ ಯಂತ್ರಕ್ಕೆ ಸೇರಿಸಲು ಹಠ ಹಿಡಿದಿದ್ದವನು ಗಣಿತಜ್ಞ ಅಲನ್ ಟ್ಯೂರಿಂಗ್. ಪ್ರತಿ ಓಲೆಯ ಕೊನೆಗೂ ಮ್ಯಾಂಚೆಸ್ಟರ್ ಯೂನಿವರ್ಸಿಟಿ ಕಂಪ್ಯೂಟರ್ ಎಂಬುದರ ಮೊದಲಕ್ಷರಗಳೇ ಸಹಿ. ಬಹಳ ಕಾಲದ ಮೇಲೆ, 2018ರಲ್ಲಿ, ಜನೆಲ್ ಶೇನ್ ಎಂಬ ಸಂಶೋಧಕಿ ಸಕ್ಕರೆ ಹೃದಯಗಳ ಮೇಲಿನ ಮಾತುಗಳನ್ನು, ಮಾದರಿಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕಿಗೆ ಕಲಿಸಿ ಹೊಸ ಮಾತು ಬರೆಸಿದರು, ಅರ್ಥವಿಲ್ಲದ ವಿಚಿತ್ರ ಜೋಡಿಪದಗಳು ಬಂದವು. ಇಂದಿನ ಕೃತಕ ಬುದ್ಧಿಮತ್ತೆ ಹೇಗೆ ಕೆಲಸ ಮಾಡುತ್ತದೆಂದು ಮಕ್ಕಳಿಗೆ ಹೇಳಲು ಈ ಎರಡು ಮೆಟ್ಟಿಲು ಸಾಕು.

ಸ್ಟ್ರೇಚಿಯ ಯಂತ್ರವನ್ನು ಎಂಐಟಿಯಲ್ಲಿ ಹುಟ್ಟಿದ, ಮಕ್ಕಳಿಗಾಗಿರುವ ಪ್ರೋಗ್ರಾಮಿಂಗ್ ಸಾಧನ ಸ್ಕ್ರ್ಯಾಚ್‌ನಲ್ಲಿ ಒಂದೆರಡು ತರಗತಿಯಲ್ಲಿ ಕಟ್ಟಬಹುದು. ಮೂರು ಪಟ್ಟಿ, ಒಂದು ಅಚ್ಚು. ಇಂಗ್ಲಿಷಿನಲ್ಲಿ ಪದ ಉದುರಿಸಿದರೆ ವಾಕ್ಯ ಆಗಿಬಿಡುತ್ತದೆ. ಕನ್ನಡದಲ್ಲಿ ಮಾಡಲು ನಾನೇ ಕೂತೆ. ‘ನನ್ನ ಮನಸ್ಸು ನಿನ್ನ ಇಂಥದ್ದನ್ನು ಬಯಸುತ್ತದೆ’ ಎಂದು ಅಚ್ಚು ಮಾಡಿ, ಪಟ್ಟಿಯಲ್ಲಿ ಕಣ್ಣು, ನಗು, ಮನೆ, ಹೃದಯ, ಮಾತು ಎಂದಿಟ್ಟು, ಹಿಂದೆ ‘ಅನ್ನು’ ಸೇರಿಸಿದೆ. ಬಂದದ್ದು ‘ಕಣ್ಣುಅನ್ನು’, ‘ಮನೆಅನ್ನು’. ಎರಡನ್ನು ಸರಿಮಾಡಿದರೆ ಮೂರನೆಯದು ಕೆಡುತ್ತದೆ. ಕಣ್ಣು ಕಣ್ಣನ್ನು ಆಗುತ್ತದೆ, ಉಕಾರ ಲೋಪ. ಮನೆ ಮನೆಯನ್ನು ಆಗುತ್ತದೆ, ಯಕಾರ ಆಗಮ. ಹೃದಯಕ್ಕೆ ವಕಾರ. ಸರಿ, ಉಕಾರದಲ್ಲಿ ಮುಗಿಯುವುದಕ್ಕೆಲ್ಲ ಲೋಪ ಎಂದು ನಿಯಮ ಬರೆದೆ. ಮಾತು ಮಾತನ್ನು ಆಯಿತು, ನಗು ‘ನಗನ್ನು’ ಆಗಿಬಿಟ್ಟಿತು!

ನಗುವನ್ನು, ಮಗುವನ್ನು, ಕರುವನ್ನು, ಹಸುವನ್ನು. ಕಣ್ಣನ್ನು, ಹಾಡನ್ನು, ಊರನ್ನು, ಹೆಸರನ್ನು. ಎರಡು ಸಾಲುಗಳಿಗೂ ಏನು ವ್ಯತ್ಯಾಸ? ಮೊದಲ ಸಾಲಿನ ಪದಗಳಿಗೆ ಪ್ರಸ್ತಾರ ಹಾಕಿದರೆ ಬರೀ ಎರಡು ಲಘು. ಎರಡನೆಯ ಸಾಲಿನಲ್ಲಿ ಗುರು ಇದೆ, ಇಲ್ಲವೇ ಮೂರು ಅಕ್ಷರವಿದೆ. ಸಂಸ್ಕೃತದಿಂದ ಬಂದ ವಸ್ತು, ಬಂಧು ಬೇರೆ ದಾರಿ ಹಿಡಿದು ವಕಾರವನ್ನೇ ಕೇಳುತ್ತವೆ. ಜೀವಮಾನವಿಡೀ ತಪ್ಪಿಲ್ಲದೆ ಹೇಳುತ್ತಾ ಬಂದ ನಿಯಮವೊಂದನ್ನು ನಾನು ಮೊದಲ ಸಲ ಕಂಡದ್ದು ಯಂತ್ರಕ್ಕೆ ಕಲಿಸಲು ಹೋದಾಗ. ಎಂಟನೆಯ ತರಗತಿಯಲ್ಲಿ ಲೋಪ, ಆಗಮ, ಆದೇಶ ಸಂಧಿಯನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಇದೊಂದು ಚಟುವಟಿಕೆ ಸಿಕ್ಕಿದರೆ ಎಂಥ ಸಂಭ್ರಮವಾದೀತು! ವಿದೇಶದ ವಾರಾಂತ್ಯದ ಕನ್ನಡ ತರಗತಿಗಳಿಗಂತೂ ಇದು ಹೇಳಿ ಮಾಡಿಸಿದ್ದು. ಓಲೆ ಪ್ರಿಯತಮೆಗೇ ಆಗಬೇಕಿಲ್ಲ, ಊರಲ್ಲಿರುವ ಅಜ್ಜಿಗೆ ಆಗಲಿ. ಆಗ ಇನ್ನೊಂದು ಪ್ರಶ್ನೆ ಏಳುತ್ತದೆ: ಅಜ್ಜಿಗೆ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ಅದು ಆ ಮನೆಯ ರೂಢಿ, ಮಗು ಅಮ್ಮನನ್ನೇ ಕೇಳಬೇಕು. ಒಂದನ್ನು ಆರಿಸಿದರೆ ಕ್ರಿಯಾಪದದ ಬಾಲವೂ ಬದಲಾಗಬೇಕು.

ನಮ್ಮ ಹಳೆಯ ಕಾಗದಗಳಿಗೂ ಅಚ್ಚು ಇತ್ತು. ‘ತೀರ್ಥರೂಪರಾದ’ ಎಂದು ಶುರು, ಹಿಂದೆಯೇ ‘ಬೇಡುವ ಆಶೀರ್ವಾದಗಳು’, ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಮುಂದುವರಿಕೆ. ನೀಲಿ ಇನ್‌ಲ್ಯಾಂಡ್ ಲೆಟರಿನ ಮೂರು ಮಡಿಕೆಯಲ್ಲಿ ಆ ಅಚ್ಚಿನ ನಡುವೆ ಉಳಿದ ನಾಲ್ಕು ಸಾಲಿನಲ್ಲಿ ಮಳೆ, ಬೆಳೆ, ಎಮ್ಮೆ ಈದದ್ದು, ಮತ್ತು ಬರೆಯದೆ ಬಿಟ್ಟ ಎಷ್ಟೋ ಪ್ರೀತಿ. ಮನೆಯ ಟ್ರಂಕಿನಲ್ಲಿ ಅಂಥದ್ದೊಂದಿದ್ದರೆ ಮಗು ಮೊಬೈಲಿನಲ್ಲಿ ಅದರ ಚಿತ್ರ ತೆಗೆದು, ಅಕ್ಷರಕ್ಕೆ ಅಕ್ಷರ ಟೈಪು ಮಾಡಲಿ. ಯಾವ ಭಾಗ ಅಚ್ಚಿನದು, ಯಾವುದು ಬರೆದವರದೇ ಮಾತು ಎಂದು ಬಣ್ಣ ಹಚ್ಚಲಿ.

ಸಾಧನಗಳ ಬಗ್ಗೆ ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕೆಲವೇ ವರ್ಷಗಳ ಹಿಂದೆ ಎಲ್ಲ ಶಿಕ್ಷಕರೂ ಹೊಗಳುತ್ತಿದ್ದ ಡಿಜಿಟಲ್ ಹಲಗೆ ಗೂಗಲ್ ಜ್ಯಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿಹೋಯಿತು. ಮಕ್ಕಳ ವಿಡಿಯೋ ಮಾತುಕತೆಗೆಂದಿದ್ದ ಫ್ಲಿಪ್ ಅದೇ ವರ್ಷ ಪ್ರತ್ಯೇಕ ಆ್ಯಪ್ ಆಗಿ ನಿಂತಿತು. ಅವುಗಳ ಸುತ್ತ ಕಟ್ಟಿದ ಪಾಠಗಳೂ ಹಾಳಾದವು. ಹೊಸ ಖಾತೆ ತೆರೆಸುವ ಮುನ್ನ ಕಾನೂನನ್ನೂ ನೋಡಬೇಕು. ಅಮೆರಿಕದಲ್ಲಿ 13 ವರ್ಷದೊಳಗಿನ ಮಕ್ಕಳ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಕೇಳುವ ಕಾಯ್ದೆ 1998ರಿಂದ ಇದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ವಯಸ್ಸನ್ನು 18ಕ್ಕೆ ಇಟ್ಟಿದೆ. ಹೆಸರು ಮುಚ್ಚಿಟ್ಟು ಸಂದೇಶ ಹಾಕುವ ಡಿಜಿಟಲ್ ಗೋಡೆ ತರಗತಿಗೆ ಬೇಡವೇ ಬೇಡ. ಹುಳಿ ಓಲೆಯ ಪಾಠ ಮಾಡಿದವರಿಗೆ ಕಾರಣ ಹೇಳಬೇಕಿಲ್ಲ.

ಪ್ರೇಮದ ಮಾತೇ ಬೇಡವೆನ್ನುವ ಶಾಲೆಗಳಿಗೆ ಆ ತಾರೀಖಿನಲ್ಲೇ ಬೇರೆ ಸರಕಿದೆ. 1876ರ ಫೆಬ್ರುವರಿ 14ರಂದು ದೂರವಾಣಿಯ ಬಗ್ಗೆ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ಅರ್ಜಿ, ಎಲೀಷಾ ಗ್ರೇಯ ಕೇವಿಯಟ್ (ಅರ್ಜಿಯ ಮುನ್ಸೂಚನೆ) ಎರಡೂ ಒಂದೇ ದಿನ ಪೇಟೆಂಟ್ ಕಚೇರಿ ತಲುಪಿದವು. 1990ರ ಅದೇ ದಿನ ವಾಯೇಜರ್ 1 ನೌಕೆ ತಿರುಗಿ ನೋಡಿ ಭೂಮಿಯನ್ನು ಮಸುಕು ನೀಲಿ ಚುಕ್ಕಿಯಾಗಿ ಸೆರೆಹಿಡಿಯಿತು. 2000ದಲ್ಲಿ ನಿಯರ್ ನೌಕೆ ಪ್ರೇಮದೇವತೆ ಈರಾಸ್‌ನ ಹೆಸರಿನ ಕ್ಷುದ್ರಗ್ರಹವನ್ನು ಸುತ್ತತೊಡಗಿದ್ದೂ ಅಂದೇ. ನಾಸಾದ ಚಿತ್ರಗಳು ಎಲ್ಲರಿಗೂ ಮುಕ್ತ.

ಆದರೂ ಆ ದಿನದ ಅತ್ಯುತ್ತಮ ತರಗತಿ ಯಾವುದೆಂದು ಕೇಳಿದರೆ ನಾನು ಡಗ್ಲಸ್ ದಿನವನ್ನು ಹೇಳುತ್ತೇನೆ. ಫ್ರೆಡರಿಕ್ ಡಗ್ಲಸ್ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ಗುಲಾಮಗಿರಿಯ ವಿರುದ್ಧ ಇಡೀ ದೇಶ ಕೇಳುವಂತೆ ಮಾತಾಡಿದವರು. ಹುಟ್ಟಿದ ದಿನ ಅವರಿಗೆ ಗೊತ್ತಿರಲಿಲ್ಲ. ತಾಯಿ ಹ್ಯಾರಿಯೆಟ್ ಬೈಲಿಯನ್ನು ದೂರದ ಬೇರೆ ಹೊಲದಲ್ಲಿ ದುಡಿಸುತ್ತಿದ್ದರು. ದಿನವಿಡೀ ದುಡಿದು ರಾತ್ರಿ ಮೈಲಿಗಟ್ಟಲೆ ನಡೆದು ಬಂದು ಮಗನನ್ನು ನೋಡಿ ಬೆಳಕು ಹರಿಯುವ ಮುಂಚೆ ವಾಪಸು. ಒಮ್ಮೆ ಹಸಿದಿದ್ದ ಮಗನಿಗೆ ಹೃದಯದ ಆಕಾರದ ಶುಂಠಿ ಕೇಕು ಕೊಟ್ಟದ್ದನ್ನು ಅವರು 1855ರ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅವರು ಸುಮಾರು ಏಳು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಾಯಿ ತನ್ನನ್ನು ವ್ಯಾಲೆಂಟೈನ್ ಎಂದು ಕರೆಯುತ್ತಿದ್ದ ನೆನಪಿನಿಂದ ಫೆಬ್ರುವರಿ 14ನ್ನು ಹುಟ್ಟುಹಬ್ಬವೆಂದು ಆರಿಸಿಕೊಂಡರು ಎನ್ನುತ್ತಾರೆ. 1895ರಲ್ಲಿ ಡಗ್ಲಸ್ ತೀರಿಕೊಂಡ ಮೇಲೆ, ಅಲ್ಲಿನ ಶಿಕ್ಷಣ ಮಂಡಳಿಯಲ್ಲಿದ್ದ ಮೇರಿ ಚರ್ಚ್ ಟೆರೆಲ್ ಅವರ ಪ್ರಯತ್ನದಿಂದ 1897ರಲ್ಲಿ ವಾಷಿಂಗ್ಟನ್ನಿನ ಕಪ್ಪು ಮಕ್ಕಳ ಶಾಲೆಗಳಲ್ಲಿ ಡಗ್ಲಸ್ ದಿನ ಆರಂಭವಾಯಿತು. 1926ರಲ್ಲಿ ಇತಿಹಾಸಕಾರ ಕಾರ್ಟರ್ ವುಡ್‌ಸನ್ ಕಪ್ಪು ಜನರ ಇತಿಹಾಸದ ವಾರವನ್ನು ಫೆಬ್ರುವರಿಯಲ್ಲಿಟ್ಟದ್ದು ಲಿಂಕನ್ ಮತ್ತು ಡಗ್ಲಸ್ ಇಬ್ಬರ ಹುಟ್ಟುಹಬ್ಬಗಳ ನೆನಪಿಗೆ.

ಈಗ ಪ್ರತಿ ವರ್ಷ ಆ ದಿನ ನೂರಾರು ಕಡೆ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಕಪ್ಪು ಇತಿಹಾಸದ ಹಸ್ತಪ್ರತಿಗಳನ್ನು ಟೈಪು ಮಾಡುತ್ತಾರೆ. 2021ರಲ್ಲಿ ಟೆರೆಲ್ ಅವರದೇ ಕಾಗದಗಳು, 2024ರಲ್ಲಿ ಡಗ್ಲಸ್ ಅವರ ಪತ್ರವ್ಯವಹಾರ, ಎರಡೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವು. 2018ರಲ್ಲಿ ಶುರುವಾದ ಅದರ ‘ಬೈ ದ ಪೀಪಲ್’ ತಾಣದಲ್ಲಿ ಒಬ್ಬರು ಟೈಪು ಮಾಡಿದ್ದನ್ನು ಇನ್ನೊಬ್ಬರು ತಾಳೆ ನೋಡುತ್ತಾರೆ. ಮುಗಿದ ಪುಟ ಮುಂದೆ ಯಾರು ಹುಡುಕಿದರೂ ಸಿಗುತ್ತದೆ. ಅಂದರೆ ಮಗು ಮಾಡಿದ್ದು ಅಭ್ಯಾಸದ ಹಾಳೆಯಲ್ಲ, ಬೇಕಾದ ಕೆಲಸ. ನಡುನಡುವೆ ಹುಟ್ಟುಹಬ್ಬದ ಕೇಕು ಕತ್ತರಿಸುತ್ತಾರೆ. ನಮ್ಮಲ್ಲಿ ಕನ್ನಡ ವಿಕಿಸೋರ್ಸ್ ಇದೇ ರೀತಿ ಹಳೆಯ ಪುಸ್ತಕಗಳ ಪುಟಗಳನ್ನು ಟೈಪು ಮಾಡಿ ತಿದ್ದುವವರಿಗಾಗಿ ಕಾದಿದೆ. ಪ್ರೌಢಶಾಲೆಯ ಮಕ್ಕಳು ಹಿರಿಯರ ಜೊತೆ ಕೂತು ಮಾಡಬಲ್ಲ ಕೆಲಸ.

ಡಗ್ಲಸ್ ತಾವು ಹುಟ್ಟಿದ್ದು 1817 ಇರಬಹುದೆಂದು ನಂಬಿದ್ದರು. ಅವರ ಬಾಲ್ಯದ ಬಗ್ಗೆ 1980ರಲ್ಲಿ ಪುಸ್ತಕ ಬರೆದ ಡಿಕ್ಸನ್ ಪ್ರೆಸ್ಟನ್ ಎಂಬವರು ಒಡೆಯ ಏರನ್ ಆ್ಯಂಥನಿಯ ಲೆಕ್ಕದ ಪುಸ್ತಕ ಹುಡುಕಿ ತೆಗೆದರು. ಆಸ್ತಿಯ ಲೆಕ್ಕದಲ್ಲಿ ಗುಲಾಮರ ಮಕ್ಕಳ ಹುಟ್ಟನ್ನೂ ಒಡೆಯ ಬರೆದಿಟ್ಟಿದ್ದ. ಹ್ಯಾರಿಯೆಟ್‌ಳ ಮಗ ಫ್ರೆಡರಿಕ್ ಆಗಸ್ಟಸ್, 1818ರ ಫೆಬ್ರುವರಿ ಎಂದಿದೆ. ತಾರೀಖು ಬರೆದಿಲ್ಲ.